ಚಿತ್ರಕಥೆಗೆ ವಸ್ತುವಿನ ಆಯ್ಕೆ

ಚಲನಚಿತ್ರಕ್ಕೆ ಕಥೆ ಬರೆಯಬೇಕೆಂಬ ಹಂಬಲವುಳ್ಳ ತರುಣರು ನಮ್ಮ ಕಾಲೇಜುಗಳಲ್ಲಿ ಈಚೆಗೆ ಬಹುಮಂದಿ ಕಾಣಬರುತ್ತಿದ್ದಾರೆ. ಅಧ್ಯಾಪಕರ ಬಳಿಗೆ ಬಂದಾಗ ಇವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ಹೇಗೆ ಬರೆಯಬೇಕು ಎಂಬುದಲ್ಲ, ಯಾವುದನ್ನು ಬರೆಯಬೇಕು ಎಂಬುದು. ಇದಕ್ಕೆ ಉತ್ತರ ಹೇಳುವವನು ಎಚ್ಚರದಿಂದಿರಬೇಕು. ಅವನ ಒಂದು ಮಾತಿನಿಂದ ಹುಟ್ಟಬೇಕಾಗಿದ್ದ ಕೃತಿ ಹುಟ್ಟದೆಯೇ ಹೋಗಬಹುದು. ಅಂತಹ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನಾದ್ದರಿಂದ ಅದನ್ನು ಮುಂದೆ ಹೇಳಬೇಕಾಗಿದೆ.

ನಮ್ಮ ಲಾಕ್ಷಣಿಕರಿಗೆ ಈ ಪ್ರಶ್ನೆ ಹೊಸದಲ್ಲ. ಹತ್ತನೆಯ ಶತಮಾನದ ಧನಂಜಯನು ತನ್ನ 'ದಶರೂಪಕ'ದಲ್ಲಿ ರೂಪಕಭೇದಕ್ಕೆ ಕಾರಣವಾದವು ವಸ್ತು, ನೇತೃ ಮತ್ತು ರಸ ಎಂದು ಹೇಳಿ, ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರಾಗಿ ವಿಂಗಡಿಸುತ್ತಾನೆ. ಇತಿಹಾಸ ಪುರಾಣಗಳಿಂದ ಬಂದದ್ದು ಪ್ರಖ್ಯಾತ, ಕವಿಯೇ ಕಲ್ಪಿಸಿಕೊಂಡದ್ದು ಉತ್ಪಾದ್ಯ, ಎರಡೂ ಬೆರೆತದ್ದು ಮಿಶ್ರ. ಕನ್ನಡ ಚಿತ್ರರಂಗದ ಆರಂಭದ ದಶಕಗಳನ್ನು ನೋಡಿದರೆ ಪ್ರಖ್ಯಾತ ವಸ್ತುವಿನ ಪ್ರಾಬಲ್ಯ ಎದ್ದು ಕಾಣುತ್ತದೆ. 1934ರಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಕಥೆ ರಾಮಾಯಣದ ಆವರಣದ್ದು. 1954ರ 'ಬೇಡರ ಕಣ್ಣಪ್ಪ' ಗುಬ್ಬಿ ಕಂಪೆನಿಯ ರಂಗದ ಮೇಲೆ ಜನಕ್ಕೆ ಪರಿಚಿತವಾಗಿದ್ದ ಕಥೆ. ಬರಬರುತ್ತ ಆ ಸ್ಥಾನಕ್ಕೆ ಜನಪ್ರಿಯ ಕಾದಂಬರಿಗಳು ಬಂದವು. ಪುರಾಣದ ಬದಲು ತ. ರಾ. ಸು. ಅವರ ಕೃತಿಯನ್ನು ಪ್ರೇಕ್ಷಕನು ಮೊದಲೇ ಬಲ್ಲವನಾಗಿರುತ್ತಿದ್ದನು. ಪುಟ್ಟಣ್ಣ ಕಣಗಾಲರು 1972ರ 'ನಾಗರಹಾವು' ಚಿತ್ರಕ್ಕೆ ಅವರ ಮೂರು ಕಾದಂಬರಿಗಳನ್ನು ಒಟ್ಟುಗೂಡಿಸಿಕೊಂಡುದನ್ನು ಮಿಶ್ರದ ಒಂದು ಬಗೆಯೆಂದೇ ಎಣಿಸಬಹುದೇನೋ. ಧನಂಜಯನು ಒಪ್ಪುತ್ತಿದ್ದನೋ ಇಲ್ಲವೋ ಹೇಳಲಾರೆ.

ವಿಭಾಗಕ್ಕಿಂತ ಮುಖ್ಯವಾದ ಮಾತನ್ನು ಹೇಳಿದವನು ಅವನಿಗಿಂತ ಹಿಂದಿನ ಆನಂದವರ್ಧನ. ಕಥೆಯನ್ನು ನಡೆದಂತೆ ಒಪ್ಪಿಸಿಬಿಟ್ಟರೆ ಕವಿಗೆ ಬಂದ ಪ್ರಯೋಜನವೇನೂ ಇಲ್ಲ, ಆ ಕೆಲಸವನ್ನು ಇತಿಹಾಸವೇ ಮಾಡುತ್ತದೆ ಎಂಬುದು 'ಧ್ವನ್ಯಾಲೋಕ'ದ ಅಭಿಪ್ರಾಯ. ರಸಕ್ಕೆ ಒಗ್ಗದ ಭಾಗ ಮೂಲದಲ್ಲಿದ್ದರೆ ಅದನ್ನು ಬಿಟ್ಟು ಬೇರೆಯದನ್ನು ಕಲ್ಪಿಸಿಕೊಳ್ಳಬೇಕೆಂದೂ ಅವನು ಹೇಳುತ್ತಾನೆ. ಕಾದಂಬರಿಯನ್ನು ಚಿತ್ರಕ್ಕೆ ಅಳವಡಿಸುವವರು, ಸ್ವಂತ ಜೀವನದ ಘಟನೆಯನ್ನು 'ಇದು ನಿಜವಾಗಿ ನಡೆದದ್ದು' ಎಂಬ ಒಂದೇ ಸಮರ್ಥನೆಯಿಂದ ಬರೆಯುವವರು, ಇಬ್ಬರೂ ನೆನಪಿಡತಕ್ಕ ಮಾತಿದು.

ಹೊಸ ಲೇಖಕರು ಸಾಮಾನ್ಯವಾಗಿ ತರುವುದು ವಸ್ತುವಲ್ಲ, ವಿಷಯ. 'ಜಾತಿಪದ್ಧತಿಯನ್ನು ಕುರಿತು', 'ನಿರುದ್ಯೋಗವನ್ನು ಕುರಿತು' ಎಂದು ಅವರು ಹೇಳುತ್ತಾರೆ. ವಿಷಯ ಎಷ್ಟೇ ಘನವಾಗಿದ್ದರೂ ಅದಕ್ಕೆ ತಾನಾಗಿ ಚಲಿಸುವ ಶಕ್ತಿಯಿಲ್ಲ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಕಾದಂಬರಿಯಾಗಿ ಬಂದು 1970ರಲ್ಲಿ ಪಟ್ಟಾಭಿರಾಮರೆಡ್ಡಿಯವರಿಂದ ಚಿತ್ರವಾಯಿತು. ಅದರ ವಿಷಯವನ್ನು ಹತ್ತು ಬಗೆಯಾಗಿ ವಿವರಿಸಬಹುದು. ವಸ್ತುವಾದರೋ ಒಂದೇ: ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ, ಅವನ ಶವಸಂಸ್ಕಾರ ಮಾಡತಕ್ಕವರು ಯಾರು? ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಹೆಣವೂ ಕಾಯುವಂತಿಲ್ಲ. ಹಸಿವು ಒಂದು ಕಡೆ, ಕೊಳೆಯುವ ದೇಹ ಇನ್ನೊಂದು ಕಡೆ. ನಡುವೆ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವಿಹಾಕುತ್ತಿದ್ದಾರೆ. ಕಾಲವೇ ಪಾತ್ರಗಳನ್ನು ಒತ್ತುತ್ತಿದೆ. ಕಥೆ ಸಿಕ್ಕಿತೆಂದು ಹೇಳಬಹುದಾದದ್ದು ಇಂತಹ ಒತ್ತಡ ಕಂಡಾಗಲೇ ಹೊರತು, ವಿಷಯ ಹೊಳೆದಾಗಲಲ್ಲ.

ಇನ್ನು ನನ್ನ ತಪ್ಪಿನ ವಿಚಾರ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬನು ತನ್ನ ಚಿಕ್ಕಪ್ಪನ ಕಥೆಯನ್ನು ಬರೆಯುವೆನೆಂದು ಬಂದನು. ಪಹಣಿಯಲ್ಲಿ ಅವರ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತಂತೆ. ಅದನ್ನು ತಿದ್ದಿಸಲು ಅವರು ತಾಲ್ಲೂಕು ಕಚೇರಿಗೆ ತಿರುಗುತ್ತಿದ್ದರು. ಹೋಗುವ ದಿನ ಮಾತ್ರ ಒಂದು ಬಿಳಿಯ ಅಂಗಿ ತೊಡುತ್ತಿದ್ದರಾಗಿ ಮನೆಯ ಮಕ್ಕಳು ಅದಕ್ಕೆ 'ತಾಲ್ಲೂಕು ಅಂಗಿ' ಎಂದೇ ಹೆಸರಿಟ್ಟಿದ್ದವು. ಕೇಳಿದೊಡನೆ ನಾನು, "ಇದು ತಬರನ ಕಥೆಯಲ್ಲವೇನಯ್ಯ? ತೇಜಸ್ವಿಯವರು ಬರೆದಾಗಿದೆ, ಕಾಸರವಳ್ಳಿಯವರು 1986ರಲ್ಲೇ ಚಿತ್ರ ಮಾಡಿಯಾಗಿದೆ" ಎಂದುಬಿಟ್ಟೆ. "ಹೌದು ಸಾರ್" ಎಂದು ಆತನು ಹೊರಟುಹೋದನು. ಮುಂದಿನ ತಿಂಗಳು ತಂದದ್ದು ಬೆಂಗಳೂರಿನ ಭೂಗತಲೋಕದ ಕಥೆ. ಅದರಲ್ಲಿ ಆತನು ಕಂಡದ್ದಾಗಲಿ ಕೇಳಿದ್ದಾಗಲಿ ಒಂದೂ ಇರಲಿಲ್ಲ.

ನನ್ನ ಮಾತಿನಲ್ಲಿದ್ದ ದೋಷ ಸ್ಪಷ್ಟವಾದದ್ದು 'ತಿಥಿ' ಚಿತ್ರವನ್ನು ಎರಡನೆಯ ಸಲ ನೋಡುತ್ತಿದ್ದಾಗ. ರಾಮ್ ರೆಡ್ಡಿಯವರು ನಿರ್ದೇಶಿಸಿ, ಈರೇಗೌಡರೊಡನೆ ಸೇರಿ ಬರೆದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಯಿತು. ಮಂಡ್ಯ ಸೀಮೆಯ ನೊದೆಕೊಪ್ಪಲು ಎಂಬ ಹಳ್ಳಿಯನ್ನೂ ಅಲ್ಲಿಯ ಜನರನ್ನೂ ಕಣ್ಣಮುಂದೆ ಇರಿಸಿಕೊಂಡೇ ಅದನ್ನು ರಚಿಸಿದ್ದಾರೆ. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ; ಹನ್ನೊಂದನೆಯ ದಿನ ತಿಥಿ. ಅಷ್ಟರೊಳಗೆ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕಾಗಿದೆ. ಜಮೀನಿಗೆ ಹಕ್ಕುದಾರನಾದ ಅಪ್ಪ ಗಡ್ಡಪ್ಪನಿಗೆ ಅದರ ಗೊಡವೆಯೇ ಇಲ್ಲ. ಆದ್ದರಿಂದ ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸುವ ಹವಣಿಕೆ ನಡೆಯುತ್ತದೆ. ಒಂದು ಸಾವು, ಒಂದು ಕರ್ಮ, ಒಂದು ಗಡುವು. ಬೀಜವನ್ನಷ್ಟೇ ನೋಡಿದರೆ 'ಸಂಸ್ಕಾರ'ಕ್ಕೆ ಇದು ದಾಯಾದಿ. ಈರೇಗೌಡರಿಗೆ ಯಾರಾದರೂ 'ಇದು ಆಗಲೇ ಆಗಿದೆ' ಎಂದು ಹೇಳಿ ಅವರು ನಂಬಿದ್ದರೆ ಏನಾಗುತ್ತಿತ್ತು?

ನ್ಯಾಯಾಲಯವೂ ಈ ವಿಚಾರವನ್ನು ಕಾವ್ಯಮೀಮಾಂಸಕರಿಗೆ ಸಮೀಪವಾದ ರೀತಿಯಲ್ಲಿಯೇ ನಿರ್ಣಯಿಸಿದೆ. ಆರ್. ಜಿ. ಆನಂದ್ ಅವರು ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನು 1956ರ 'ನ್ಯೂ ದೆಹಲಿ' ಎಂಬ ಹಿಂದಿ ಚಿತ್ರ ಕದ್ದಿದೆಯೆಂದು ದಾವೆ ಹೂಡಿದ್ದರು. ಎರಡರಲ್ಲಿಯೂ ಪ್ರಾಂತೀಯ ದುರಭಿಮಾನವೇ ವಿಷಯ. ಚಿತ್ರದಲ್ಲಿ ಅದರ ಜೊತೆಗೆ ಬಾಡಿಗೆ ಮನೆಯ ತೊಡಕು, ವರದಕ್ಷಿಣೆಯ ಪಿಡುಗು ಮೊದಲಾದವು ಸೇರಿದ್ದವು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಭಾವನೆ, ವಿಷಯ, ಕಥಾಸಾರಗಳಿಗೆ ಕೃತಿಸ್ವಾಮ್ಯವಿಲ್ಲ, ಅವು ಅಭಿವ್ಯಕ್ತಿಗೊಂಡ ರೂಪಕ್ಕೆ ಮಾತ್ರ ಉಂಟೆಂದು ತೀರ್ಪಿತ್ತಿತು. ಎರಡನ್ನೂ ಕಂಡ ಪ್ರೇಕ್ಷಕನಿಗೆ ಒಂದು ಇನ್ನೊಂದರ ನಕಲೆಂಬ ಭಾವನೆ ನಿಸ್ಸಂಶಯವಾಗಿ ಉಂಟಾಗುವುದೇ ಎಂಬುದು ಅದು ಹೇಳಿದ ಒರೆಗಲ್ಲು. ಹಾಗೆಂದು ಮತ್ತೊಬ್ಬರ ಕಾದಂಬರಿಯನ್ನೇ ಎತ್ತಿಕೊಳ್ಳಬಹುದೆಂದು ಯಾರೂ ತಿಳಿಯಬಾರದು. 1957ರ ಅಧಿನಿಯಮದ ಮೇರೆಗೆ ಲೇಖಕನು ತೀರಿಕೊಂಡು ಅರುವತ್ತು ವರ್ಷಗಳಾಗುವವರೆಗೆ ಅನುಮತಿ ಬೇಕು.

ಅಂದಮೇಲೆ ನಾನು ಕೇಳಬೇಕಾಗಿದ್ದುದು ಬೇರೆ ಪ್ರಶ್ನೆ. ತಬರನ ಕಥೆಯ ಒತ್ತಡವಿರುವುದು ಹೆಂಡತಿಯ ಕಾಯಿಲೆಗೆ ಹಣ ಬೇಕಾಗಿರುವಾಗ ಬಾರದ ನಿವೃತ್ತಿವೇತನದಲ್ಲಿ. ಚಿಕ್ಕಪ್ಪನದು ಎಲ್ಲಿದೆ? ಆ ಅಕ್ಷರ ತಿದ್ದದಿದ್ದರೆ ಏನು ಕೆಡುತ್ತದೆ, ಯಾವ ದಿನದೊಳಗೆ? ಇದಕ್ಕೆ ಉತ್ತರವಿದ್ದಿದ್ದರೆ ಅದು ಆತನದೇ ಆದ ವಸ್ತು.

ವಸ್ತು ಗೊತ್ತಾದ ಬಳಿಕ ಎದುರಾಗುವುದು ಯಾವುದನ್ನು ತೋರಿಸಬೇಕು, ಯಾವುದನ್ನು ಸೂಚಿಸಬೇಕು ಎಂಬುದು. ಇಲ್ಲಿಯೂ 'ದಶರೂಪಕ' ನೆರವಿಗೆ ಬರುತ್ತದೆ: ನೀರಸವಾದದ್ದು, ಅನುಚಿತವಾದದ್ದು ಸೂಚ್ಯ, ರಸಭಾವಗಳಿಂದ ತುಂಬಿದ್ದು ದೃಶ್ಯ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ 'ಘಟಶ್ರಾದ್ಧ'ವನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು. ವಿಧವೆ ಯಮುನೆ ಗರ್ಭಿಣಿಯಾದ ಸಂಗತಿ ನಮಗೆ ದೊರೆಯುವುದು ಬಹುಮಟ್ಟಿಗೆ ವೇದಪಾಠಕ್ಕೆ ಬಂದ ನಾಣಿಯೆಂಬ ಬಾಲಕನ ಕಣ್ಣಿನಿಂದ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ. ಪ್ರೇಕ್ಷಕನ ಸಂಕಟ ಬೆಳೆಯುವುದು ಈ ಅಂತರದಲ್ಲಿಯೇ; ಮಾತಿನಲ್ಲಿ ವಿವರಿಸಿದ್ದರೆ ಅದು ಮಾಯವಾಗುತ್ತಿತ್ತು. ಯಾರ ಕಣ್ಣಿನಿಂದ ನೋಡುವುದೆಂದು ನಿಶ್ಚಯಿಸುವುದೂ ವಸ್ತುವಿನ ಆಯ್ಕೆಯ ಭಾಗವೇ ಆಗಿದೆ.

ಅಭ್ಯಾಸದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ರೂಢಿಯ ವಿನ್ಯಾಸದಲ್ಲಿ ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷವಾಗುತ್ತದೆಂಬ ಸ್ಥೂಲ ಲೆಕ್ಕವುಂಟು. ಮೂಲಕಥೆಯನ್ನು ಓದಿ, ಚಿತ್ರವನ್ನು ನೋಡಿ, ಒಂದೇ ದೃಶ್ಯವನ್ನು ತಾನೇ ಮೂರು ಪುಟಗಳಲ್ಲಿ ಬರೆದು ಹೋಲಿಸುವುದು ತರಗತಿಯಲ್ಲಿ ಫಲ ಕೊಟ್ಟಿದೆ. ಸಂಭಾಷಣೆಯಿಲ್ಲದೆ ಮೊದಲು ಬರೆಯಿಸುವುದು ಒಳ್ಳೆಯದು.

ಆ ವಿದ್ಯಾರ್ಥಿಗೆ ಕಳೆದ ವರ್ಷ ಪತ್ರ ಬರೆದು, ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರುವುದಾಗಿ ತಿಳಿಸಿದೆ. ಉತ್ತರ ಬಂತು. ಪಹಣಿ ಸರಿಯಾಗಿದೆಯಂತೆ, ಅಂಗಿ ಇನ್ನೂ ಇದೆಯಂತೆ, ಈಗ ಮದುವೆಮುಂಜಿಗಳಿಗೆ ತೊಡುತ್ತಾರಂತೆ. ತನಗೆ ಉದ್ಯೋಗ ಸಿಕ್ಕಿರುವುದರಿಂದ ಬರೆಯಲು ಸದ್ಯಕ್ಕೆ ಬಿಡುವಿಲ್ಲವೆಂದು ಆತನು ತಿಳಿಸಿದ್ದಾನೆ.