ಲಂಡನ್ನಿನಲ್ಲಿ ಎದುರಾದ ಸನ್ನತಿ

ವಿದೇಶಕ್ಕೆ ಹೊರಡುವ ನಮ್ಮ ಮಧ್ಯಮ ವರ್ಗದವರ ಪ್ರವಾಸದ ಪಟ್ಟಿಯಲ್ಲಿ ಪ್ರಸಿದ್ಧ ಕಲಾ ವಸ್ತುಸಂಗ್ರಹಾಲಯಗಳಿಗೆ ಖಾಯಂ ಸ್ಥಾನವಿದೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಜನಜಂಗುಳಿಯ ನಡುವೆ ನುಗ್ಗಿ ಮೋನಾಲಿಸಾಳನ್ನು ಕಂಡು ಧನ್ಯರಾದವರಲ್ಲಿ ನಾನೂ ಒಬ್ಬ.

2018ರಲ್ಲಿ ಲಂಡನ್ನಿನ ಮಗಳ ಮನೆಯಲ್ಲಿದ್ದಾಗ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅಲ್ಲಿ ಅಮರಾವತಿ ಸ್ತೂಪದ ಶಿಲ್ಪಗಳಿಗೆಂದೇ ಗಾಜಿನ ಗೋಡೆಯ ಒಂದು ಪ್ರತ್ಯೇಕ ಕೊಠಡಿಯಿದೆ. ಕೃಷ್ಣಾ ತೀರದ ಆ ಕಲ್ಲುಗಳು ಮದರಾಸಿನಿಂದ 1859ರಲ್ಲಿ ಹಡಗೇರಿ ಹೋದಂಥವು. ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಊರು ವಿಚಾರಿಸಿದರು. ಕಲಬುರಗಿ ಜಿಲ್ಲೆಯ ಆಳಂದ ಎಂದೆ. ಅವರ ಮುಖ ಅರಳಿತು. 'ಹಾಗಾದರೆ ನೀವು ಸನ್ನತಿಯನ್ನು ನೋಡಿರುತ್ತೀರಿ!' ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಅದು ಸುಳ್ಳು. ಸೇವೆಯಲ್ಲಿದ್ದಾಗ ಜೇವರ್ಗಿ, ಚಿತ್ತಾಪುರಗಳ ದಾರಿಯಲ್ಲಿ ಸರ್ಕಾರಿ ಜೀಪಿನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಒಮ್ಮೆಯೂ ಸನ್ನತಿಯತ್ತ ಹೊರಳಿರಲಿಲ್ಲ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಬೆಳಕಿಗೆ ಬಂತು. ತೊಂಬತ್ತರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಉತ್ಖನನ ನಡೆದು, ಅಮರಾವತಿಗೆ ಸರಿಸಾಟಿಯಾದ ಬೌದ್ಧ ಸ್ತೂಪವೇ ಹೊರಬಂತು. ಇವೆಲ್ಲ ನನಗೆ ಪತ್ರಿಕೆಯ ಸುದ್ದಿಗಳಾಗಿದ್ದವು, ಅಷ್ಟೆ.

ಅರ್ಥಶಾಸ್ತ್ರ ಓದಿದವನಾದ ನನಗೆ ಇದು ತಿಳಿದಿರಬೇಕಿತ್ತು. ತಲುಪಲು ತೆತ್ತ ಖರ್ಚನ್ನೇ ನಾವು ವಸ್ತುವಿನ ಮೌಲ್ಯವೆಂದು ಭ್ರಮಿಸುತ್ತೇವೆ. ಖರ್ಚಿಲ್ಲದೆ ಒದಗುವುದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಊರಿಗೆ ಮರಳಿದವನು ಮರುವರ್ಷ ಕನಗನಹಳ್ಳಿಗೆ ಹೋದೆ. ಭೀಮಾ ತೀರದ ಬಿಸಿಲಿನಲ್ಲಿ ಶಿಲಾಫಲಕಗಳು ಬಯಲಲ್ಲೇ ಮಲಗಿದ್ದವು. ಒಂದರಲ್ಲಿ ರಾಣಿಯೊಡನೆ ರಾಜ, ಸುತ್ತ ಪರಿಚಾರಿಕೆಯರು, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ 'ರಾಯಾ ಅಸೋಕೋ' ಎಂಬ ಹೆಸರು. ಹೆಸರು ಕೆತ್ತಿರುವ ಅಶೋಕನ ಇಂಥ ಶಿಲ್ಪ ಅತ್ಯಪರೂಪದ್ದು. ಕುರಿ ಕಾಯುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದು ಕೇಳಿದ: 'ಇವ್ರು ಯಾರ್ರೀ ಅಜ್ಜಾ?' ಹೇಳಿದೆ. 'ಸಾಲಿ ಪುಸ್ತಕದಾಗಿನ ಅಶೋಕನಾ? ನಮ್ಮೂರಾಗ ಅದಾನೇನ್ರೀ?' ಎಂದು ಅವನು ಫಲಕವನ್ನೇ ನೋಡುತ್ತಾ ನಿಂತ.

ಲಂಡನ್ನಿನ ಆ ಕೊಠಡಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಾಜಿನ ಗೋಡೆಯಲ್ಲ, ಪ್ರತಿ ಶಿಲ್ಪದ ಬಳಿ ಇದ್ದ ನಾಲ್ಕು ಸಾಲಿನ ವಿವರಣೆ. 2022ರಲ್ಲಿ ಕನಗನಹಳ್ಳಿಯಲ್ಲಿ ಸಂರಕ್ಷಣಾ ಕಾರ್ಯ ಆರಂಭವಾದದ್ದು ಸ್ವಾಗತಾರ್ಹ. ಆದರೆ ಕಲ್ಲನ್ನು ಉಳಿಸಿದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಅದನ್ನು ಕಣ್ಣಿಗೆ ಕಾಣಿಸುವ ನಾಲ್ಕು ಸಾಲು ಕನ್ನಡವೂ ಬೇಕು, ಓದಿ ಹೇಳುವ ಒಬ್ಬರೂ ಬೇಕು. ಆಳಂದ, ಅಫಜಲಪುರ, ಜೇವರ್ಗಿಯ ಶಾಲೆಗಳ ವಾರ್ಷಿಕ ಪ್ರವಾಸ ವರ್ಷಕ್ಕೊಮ್ಮೆಯಾದರೂ ಇತ್ತ ಹೊರಳಿದರೆ ಆಗುವ ಖರ್ಚು ಒಂದು ದಿನದ ಬಸ್ ಬಾಡಿಗೆ.

ಅಂದು ಆ ಹಿರಿಯರಿಗೆ ಹೇಳಿದ ಸುಳ್ಳು ಈಗ ನಿಜವಾಗಿದೆ. ಆಳಂದದಿಂದ ಸುಮಾರು ನೂರು ಕಿಲೋಮೀಟರು ದೂರವಿರುವ ಜಾಗಕ್ಕೆ ನಾನು ಲಂಡನ್ನಿನ ಮೂಲಕ ಹೋಗಬೇಕಾಯಿತೆಂಬುದಷ್ಟೇ ನಾಚಿಕೆ.