ಅಂಗಡಿಯ ಕಾರ್ಡ್, ಉಮ್ರಾದ ಟಿಕೆಟ್

ಬಟ್ಟೆಯಂಗಡಿ, ಬೇಕರಿ, ಟೈಲರಿಂಗ್ - ವ್ಯಾಪಾರ ಯಾವುದೇ ಇರಲಿ, ಸರಕು ಖರೀದಿಗೆ ಕ್ರೆಡಿಟ್ ಕಾರ್ಡ್ ಬಳಸುವವರು ಇಂದು ನಮ್ಮ ಮನೆಗಳಲ್ಲೂ ಇದ್ದಾರೆ. ಖರ್ಚಿಗೆ ತಕ್ಕಂತೆ ಬ್ಯಾಂಕ್ ಪಾಯಿಂಟ್ ಕೊಡುತ್ತದೆ. ಅವನ್ನು ಕೂಡಿಸಿ ವಿಮಾನದ ಟಿಕೆಟ್ ಪಡೆಯಬಹುದು. ‘ಇದರಲ್ಲೇ ಉಮ್ರಾಕ್ಕೆ ಹೋಗಿ ಬರೋಣ’ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಮೊದಲು ಲೆಕ್ಕ ನೋಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೂರು ರೂಪಾಯಿಗೆ 2 ಪಾಯಿಂಟ್ ಕೊಡುವ ಕಾರ್ಡಿನಲ್ಲಿ ಒಂದು ಲಕ್ಷದ ಸರಕು ಕೊಂಡರೆ 2,000 ಪಾಯಿಂಟ್. ಪಾಯಿಂಟಿಗೆ 50 ಪೈಸೆಯಂತೆ ಅದರ ಬೆಲೆ 1,000 ರೂಪಾಯಿ. ಬಿಲ್ ಕಟ್ಟದೆ ಒಂದು ತಿಂಗಳು ಉಳಿದರೆ, ಶೇ. 3.5ರಂತೆ 3,500 ರೂಪಾಯಿ ಬಡ್ಡಿ. ಅದರ ಮೇಲೆ ಶೇ. 18 ಜಿಎಸ್‌ಟಿ 630. ಒಟ್ಟು 4,130! ನಾಲ್ಕು ತಿಂಗಳ ಪಾಯಿಂಟ್ ಒಂದೇ ತಿಂಗಳಲ್ಲಿ ಕರಗಿತು. ಸಗಟು ವ್ಯಾಪಾರಿ ಕಾರ್ಡಿಗೆಂದು ಶೇ. 2 ಹೆಚ್ಚು ಕೇಳಿದರೂ ನಷ್ಟವೇ.

‘ಕನಿಷ್ಠ ಮೊತ್ತ’ ಕಟ್ಟಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಅದರಿಂದ ವಿಳಂಬ ಶುಲ್ಕವಷ್ಟೇ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ.

ನಮಗಿದು ಕೇವಲ ಹಣದ ಮಾತಲ್ಲ. ಬಡ್ಡಿಯ ನಿಷೇಧ ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 275ನೇ ಸೂಕ್ತದಲ್ಲಿ ಸ್ಪಷ್ಟವಾಗಿದೆ. ಬಡ್ಡಿಯ ಷರತ್ತಿರುವ ಕಾರ್ಡನ್ನು ಪಡೆಯಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನೀವು ನೆಚ್ಚಿದ ಉಲಮಾಗಳನ್ನು ಮೊದಲೇ ಕೇಳಿಕೊಳ್ಳಿ.

ಕಾರ್ಡ್ ಬಳಸುವವರು ಈ ವಿಷಯಗಳನ್ನು ಗಮನಿಸಲಿ:

* ಪೂರ್ಣ ಬಿಲ್ ಗಡುವಿನೊಳಗೆ ತಾನಾಗಿ ಪಾವತಿಯಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಮಾರಾಟದ ಹಣದಲ್ಲಿ ಬಿಲ್ಲಿನ ಪಾಲನ್ನು ದಿನವೂ ಬೇರೆಯೇ ಇಡಿ.

* ಪೆಟ್ರೋಲ್, ಬಾಡಿಗೆ, ತೆರಿಗೆ ಪಾವತಿಗೆ ಅನೇಕ ಕಾರ್ಡ್‌ಗಳಲ್ಲಿ ಪಾಯಿಂಟ್ ಸಿಗುವುದಿಲ್ಲ.

* ಮಿಕ್ಸಿ, ಗಿಫ್ಟ್ ವೋಚರ್‌ಗಳಿಗಿಂತ ವಿಮಾನ ಸಂಸ್ಥೆಯ ಮೈಲ್ಸ್‌ಗೆ ಬದಲಿಸಿದಾಗ ಹೆಚ್ಚಾಗಿ ಉತ್ತಮ ಬೆಲೆ ಸಿಗುತ್ತದೆ. ಆದರೆ ಬದಲಿಸಿದ್ದು ಸಾಮಾನ್ಯವಾಗಿ ಹಿಂದಕ್ಕೆ ಬಾರದು. ಜಿದ್ದಾಕ್ಕೆ ಸೀಟ್ ಇದೆಯೇ ಎಂದು ನೋಡಿದ ಮೇಲೆಯೇ ಬದಲಿಸಿ. ರಮಝಾನ್‌ನಲ್ಲಿ ಸೀಟ್ ಸಿಗುವುದು ಕಷ್ಟ.

* ಪಾಯಿಂಟಿನ ಟಿಕೆಟಿಗೂ ತೆರಿಗೆ, ಶುಲ್ಕಗಳನ್ನು ಹಣದಲ್ಲೇ ಕೊಡಬೇಕು. ವೀಸಾ, ವಸತಿಯ ಖರ್ಚು ಬೇರೆ.

* ಮಕ್ಕಾ, ಮದೀನಾದಲ್ಲಿ ಕಾರ್ಡ್ ಉಜ್ಜಿದರೆ ಅನೇಕ ಬ್ಯಾಂಕುಗಳು ಶೇ. 3.5ರವರೆಗೆ ವಿದೇಶಿ ವಿನಿಮಯ ಶುಲ್ಕ ಹಾಕುತ್ತವೆ.

ಪಾಯಿಂಟಿನ ಆಸೆಗೆ ಬೇಡದ ಸರಕು ತುಂಬಿಸಬೇಡಿ. ಹೇಗೂ ಮಾಡಲೇಬೇಕಾದ ಖರ್ಚಿನಿಂದ, ಸಾಲ ಉಳಿಸದೆ ಬಂದ ಪಾಯಿಂಟ್ ಮಾತ್ರ ಲಾಭ. ಮನೆಯ ಲೆಕ್ಕ ಬರೆಯುವ ಸಹೋದರಿಯರು ತಿಂಗಳಿಗೊಮ್ಮೆ ಅಂಗಡಿಯ ಕಾರ್ಡಿನ ಬಿಲ್ಲನ್ನೂ ಕೇಳಿ ನೋಡಲಿ. ಅದರಲ್ಲಿ ಬಡ್ಡಿಯ ಸಾಲು ಕಂಡರೆ ಉಮ್ರಾದ ಮಾತನ್ನು ಬದಿಗಿಟ್ಟು ಮೊದಲು ಸಾಲ ತೀರಿಸಿ.