ಕೋಡಿ ಬಿದ್ದ ನೀರು, ಚೌಕವಾದ ಚಿತ್ರ

2022ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಅಣೆಕಟ್ಟೆ ಕೋಡಿ ಬಿತ್ತು. 1933ರಲ್ಲಿ ಬಿದ್ದ ಮೇಲೆ ಮತ್ತೆ ಬಿದ್ದದ್ದು ಆಗಲೇ. ಹಿರಿಯೂರು, ಹೊಸದುರ್ಗದ ಕಡೆಯ ಜನ ಗಾಡಿ ಮಾಡಿಕೊಂಡು ನೋಡಲು ಹೋದರು. ಹೋಗಲಾಗದವರಿಗೆ ಡ್ರೋನ್ ವಿಡಿಯೊಗಳಿದ್ದವು. ನೆಟ್ ಅಷ್ಟಕ್ಕಷ್ಟೇ ಇರುವ ಮನೆಯಲ್ಲಿ ಅಂಥ ವಿಡಿಯೊ ಹಾಕಿ ನೋಡಿ: ಅಣೆಕಟ್ಟೆಯ ಕಲ್ಲುಕಟ್ಟಡ ಸ್ಪಷ್ಟವಾಗಿ ಕಾಣುತ್ತದೆ, ಪಕ್ಕದಲ್ಲೇ ಧುಮುಕುವ ನೀರು ಮಾತ್ರ ಚೌಕ ಚೌಕವಾಗಿ ಕಲಸಿಹೋಗುತ್ತದೆ. ದೃಶ್ಯ ಬದಲಾಗಿ ಸುದ್ದಿ ಓದುವವರು ಬಂದರೆ ಅವರ ಕೂದಲೆಳೆಯೂ ಕಾಣುತ್ತದೆ. ನೆಟ್ ಅದೇ, ಕಂಪ್ಯೂಟರೂ ಅದೇ.

ಕಾರಣ ನೀರಿನ ಸ್ವಭಾವದಲ್ಲಿದೆ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ 1920 ಗುಣಿಸು 1080, ಅಂದರೆ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ. ಚುಕ್ಕಿಗೆ 24 ಬಿಟ್‌ನಂತೆ ಸೆಕೆಂಡಿಗೆ 25 ಚಿತ್ರ ಕಳಿಸಬೇಕೆಂದರೆ ಸುಮಾರು 124 ಕೋಟಿ ಬಿಟ್ ಬೇಕು. ನಮ್ಮ ಮನೆಗೆ ಅದೇ ವಿಡಿಯೊ 50 ಲಕ್ಷ ಬಿಟ್‌ನಲ್ಲಿ, ಅಂದರೆ 5 ಎಂಬಿಪಿಎಸ್‌ನಲ್ಲಿ ಬಂದು ತಲುಪುತ್ತದೆ. ಉಳಿದದ್ದನ್ನು ಕಳಿಸುವುದೇ ಇಲ್ಲ. ಮೊದಲ ಚಿತ್ರವನ್ನು ಪೂರ್ತಿ ಕಳಿಸಿ, ಆಮೇಲೆ ‘ಈ ತುಂಡು ಇದ್ದಲ್ಲೇ ಇರಲಿ, ಆ ತುಂಡು ಬಲಕ್ಕೆ ಇಷ್ಟು ಸರಿಯಲಿ’ ಎಂಬ ಸೂಚನೆಗಳನ್ನಷ್ಟೇ ಕಳಿಸುತ್ತಾರೆ. 2003ರಲ್ಲಿ ಬಂದ ಎಚ್.264 ಎಂಬ ಕೋಡೆಕ್ (ವಿಡಿಯೊ ಕಿರಿದುಗೊಳಿಸುವ ವಿಧಾನ) ಚಿತ್ರವನ್ನು 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ತುಂಡುಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ತಿರುಗುವ ಗಾಳಿಯಂತ್ರವನ್ನು ಹೀಗೆ ಹೇಳುವುದು ಸುಲಭ. ಆಕಾಶ ಅಲ್ಲೇ ಇದೆ, ಕಂಬ ಅಲ್ಲೇ ಇದೆ, ರೆಕ್ಕೆ ಮಾತ್ರ ಸರಿಯುತ್ತದೆ. ಧುಮುಕುವ ನೀರಿನಲ್ಲಿ ಹಾಗೆ ಹಿಡಿದು ಹೇಳಬಹುದಾದ ತುಂಡೇ ಇಲ್ಲ. ಈ ಕ್ಷಣದ ನೊರೆ ಮುಂದಿನ ಕ್ಷಣಕ್ಕಿಲ್ಲ. ಮಳೆಗಾಲದ ಜೋಗಿಮಟ್ಟಿ ಕಾಡಿನಲ್ಲಿ ಗಾಳಿಗೆ ಒಲೆಯುವ ಎಲೆಗಳದೂ ಇದೇ ಕಥೆ. ಸೂಚನೆಗಳ ಗಾತ್ರ ಏರುತ್ತದೆ, ಕೊಟ್ಟ ಬಿಟ್ ಸಾಲದೆ ಹೋಗುತ್ತದೆ, ಕೋಡೆಕ್ ವಿವರಗಳನ್ನು ಕೈಬಿಡುತ್ತದೆ. ನಮಗೆ ಕಾಣುವ ಚೌಕಗಳು ಅವೇ ತುಂಡುಗಳ ಅಂಚು. ಇದನ್ನು ರಿಪೇರಿ ಮಾಡಲು ಹೊರಡಬೇಡಿ, ಯಾವುದೂ ಕೆಟ್ಟಿಲ್ಲ.

ಕೆಡುವುದು ಬೇರೆ. ‘ಅಣ್ಣಾ, ನೆಟ್ ಸ್ಲೋ ಐತೆ, ವಿಡಿಯೊ ಸ್ಟ್ರಕ್ ಆಗ್ತೈತೆ’ ಎಂದು ಕೇಬಲ್‌ನವರಿಗೆ ಫೋನ್ ಹೋಗುತ್ತದೆ. ‘ಇಲ್ಲಿಂದ ಸರಿ ಐತೆ ಸಾರ್, ನಿಮ್ಮ ಸಿಸ್ಟಮ್ಮೇ ಸ್ಲೋ’ ಎಂದು ಆ ಕಡೆಯಿಂದ ಉತ್ತರ ಬರುತ್ತದೆ. ಇಬ್ಬರ ಮಾತೂ ಒಂದೊಂದು ದಿನ ನಿಜ. ಯಾವ ದಿನ ಯಾರ ಮಾತು ನಿಜ ಎಂಬುದನ್ನು ಪತ್ತೆ ಹಚ್ಚಲು ಮೆಕ್ಯಾನಿಕ್ ಬೇಕಿಲ್ಲ.

ಚಿತ್ರದುರ್ಗದ ಕೋಟೆಯಲ್ಲಿ ಮಳೆನೀರು ಹಿಡಿದಿಟ್ಟ ಬಗೆ ಗೊತ್ತಿದ್ದವರಿಗೆ ಈ ಪತ್ತೆ ಕೆಲಸ ಬೇಗ ಅರ್ಥವಾಗುತ್ತದೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುತ್ತದೆ. ಮಳೆ ದಿನವೂ ಬರಬೇಕಿಲ್ಲ, ಹೊಂಡದಲ್ಲಿ ನೀರಿದ್ದರೆ ಸಾಕು. ವಿಡಿಯೊ ನಮ್ಮ ಕಂಪ್ಯೂಟರಿಗೆ ಬರುವುದೂ ಹೀಗೆ ಅಲ್ಲಲ್ಲಿ ತಂಗುತ್ತಲೇ. ವಿಡಿಯೊ ಕಂಪನಿಯ ದೂರದ ಗೋದಾಮಿನಿಂದ ಬೆಂಗಳೂರಿನಂಥ ದೊಡ್ಡ ಊರಿನ ಸರ್ವರಿಗೆ, ಅಲ್ಲಿಂದ ನಮ್ಮ ನೆಟ್ ಕಂಪನಿಗೆ, ಆಮೇಲೆ ಮನೆಯ ರೌಟರಿಗೆ, ಕಡೆಗೆ ಬ್ರೌಸರಿನೊಳಗಿನ ಬಫರ್ ಎಂಬ ಪುಟ್ಟ ಹೊಂಡಕ್ಕೆ. ಪ್ಲೇಯರ್ ಕುಡಿಯುವುದು ಈ ಕೊನೆಯ ಹೊಂಡದಿಂದ ಮಾತ್ರ. ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಮಾಡಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟದಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ನೆಟ್ ಕುಗ್ಗಿದರೆ ಪ್ಲೇಯರ್ ಮುಂದಿನ ತುಣುಕನ್ನು 1080ರ ಬದಲು 480ರಲ್ಲಿ ತರಿಸುತ್ತದೆ. ಅದೂ ಸಾಲದಿದ್ದರೆ ಗಿರಗಿರ ಗುಂಡು ತಿರುಗುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಚಿತ್ರ ನಿಂತಾಗ ಹೊಂಡದಲ್ಲಿ ನೀರಿತ್ತೋ ಇಲ್ಲವೋ? ಯೂಟ್ಯೂಬಿನಲ್ಲಿ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ‘ಸ್ಟಾಟ್ಸ್ ಫಾರ್ ನರ್ಡ್ಸ್’ ಎಂಬ ಸಾಲು ಸಿಗುತ್ತದೆ. ಹೆಸರು ನೋಡಿ ಹೆದರಬೇಕಿಲ್ಲ. ಅಲ್ಲಿ ‘ಬಫರ್ ಹೆಲ್ತ್’ ಎಂದಿರುವ ಕಡೆ ಇನ್ನೆಷ್ಟು ಸೆಕೆಂಡಿನ ವಿಡಿಯೊ ಕೈಯಲ್ಲಿದೆ ಎಂಬ ಲೆಕ್ಕ ಓಡುತ್ತಿರುತ್ತದೆ. ಅದು ಸೊನ್ನೆಗಿಳಿದು ಗುಂಡು ತಿರುಗಿದರೆ ತಪ್ಪು ವಿಡಿಯೊ ಬರುವ ದಾರಿಯದು. ನಲವತ್ತು ಸೆಕೆಂಡು ತುಂಬಿದ್ದರೂ ಚಿತ್ರ ಕುಂಟುತ್ತಿದ್ದು, ‘ಫ್ರೇಮ್ಸ್’ ಎಂದಿರುವ ಸಾಲಿನಲ್ಲಿ ‘ಡ್ರಾಪ್ಡ್’ ಸಂಖ್ಯೆ ಏರುತ್ತಿದ್ದರೆ ತಪ್ಪು ಕಂಪ್ಯೂಟರಿನದು. ಆಗ ಹೆಚ್ಚು ದುಡ್ಡಿನ ನೆಟ್ ಪ್ಲ್ಯಾನ್ ಹಾಕಿಸಿದರೂ ಒಂದು ಫ್ರೇಮ್ ಕೂಡ ಸುಧಾರಿಸುವುದಿಲ್ಲ. ಈ ಒಂದು ಸಂಗತಿ ಗೊತ್ತಿಲ್ಲದೆ ಖರ್ಚಾಗಿರುವ ಹಣ ಸಣ್ಣದಿರಲಾರದು ಎಂಬುದು ನನ್ನ ಅನುಮಾನ.

ಕಂಪ್ಯೂಟರಿನ ತಪ್ಪು ಎಂದರೆ ಏನು? ಕಿರಿದುಗೊಳಿಸಿ ಬಂದ ವಿಡಿಯೊವನ್ನು ಮತ್ತೆ ಬಿಡಿಸಬೇಕು, ಅದಕ್ಕೆ ಗ್ರಾಫಿಕ್ಸ್ ಚಿಪ್‌ನಲ್ಲಿ ಪ್ರತ್ಯೇಕ ಭಾಗವಿರುತ್ತದೆ. ಅದಕ್ಕೆ ತಾನು ಹುಟ್ಟುವ ಹೊತ್ತಿಗೆ ಇದ್ದ ಕೋಡೆಕ್‌ಗಳು ಮಾತ್ರ ಗೊತ್ತು. ಎಚ್.264 ಬಹುತೇಕ ಎಲ್ಲ ಯಂತ್ರಗಳಿಗೂ ಗೊತ್ತು. 2013ರ ವಿಪಿ9, 2018ರ ಎವಿ1 ಹಾಗಲ್ಲ. ಹತ್ತು ವರ್ಷದ ಹಿಂದೆ ಮಗನ ಡಿಪ್ಲೊಮಾಕ್ಕೆಂದು ಕೊಂಡ ಲ್ಯಾಪ್‌ಟಾಪಿಗೆ ಎವಿ1 ವಿಡಿಯೊ ಬಂದರೆ ಗ್ರಾಫಿಕ್ಸ್ ಚಿಪ್ ಕೈಚೆಲ್ಲುತ್ತದೆ, ಇಡೀ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಅದು ನೂರಕ್ಕೆ ನೂರು ದುಡಿದರೂ ಸಮಯಕ್ಕೆ ಮುಗಿಸಲಾಗದ ಫ್ರೇಮ್‌ಗಳನ್ನು ಬಿಟ್ಟುಬಿಡುತ್ತದೆ. ಗುಣಮಟ್ಟವನ್ನು 720 ಅಥವಾ 480ಕ್ಕೆ ಇಳಿಸುವುದು ಇದಕ್ಕೆ ಬಿಟ್ಟಿ ಮದ್ದು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ಹಾರ್ಡ್‌ವೇರ್ ಆಕ್ಸಿಲರೇಶನ್’ ಆಫ್ ಆಗಿದೆಯೇ ಎಂದೂ ನೋಡಬೇಕು. ಯಾರೋ ಯಾವುದೋ ಕಾಲದಲ್ಲಿ ಆಫ್ ಮಾಡಿ ಮರೆತಿರುವುದುಂಟು.

ಅದನ್ನು ಆಫ್ ಮಾಡಿರಲು ಕಾರಣವೂ ಇದ್ದೀತು. ಗ್ರಾಫಿಕ್ಸ್ ಡ್ರೈವರ್ ಕೆಟ್ಟಾಗ ಪರದೆಯೆಲ್ಲ ಹಸಿರಾಗುತ್ತದೆ, ಮಾತು ಮಾತ್ರ ಕೇಳುತ್ತದೆ. ಹಸಿರೇ ಯಾಕೆ? ವಿಡಿಯೊದಲ್ಲಿ ಬಣ್ಣವನ್ನು ಕೆಂಪು-ಹಸಿರು-ನೀಲಿಯಾಗಿ ಇಡುವುದಿಲ್ಲ. ಬೆಳಕು ಎಷ್ಟು ಎಂಬುದು ಒಂದು ಸಂಖ್ಯೆ, ಬಣ್ಣ ಯಾವ ಕಡೆ ವಾಲಿದೆ ಎಂಬುದಕ್ಕೆ ಇನ್ನೆರಡು. ಡ್ರೈವರ್ ಎಡವಿ ಮೂರನ್ನೂ ಸೊನ್ನೆಯಾಗಿ ಕೊಟ್ಟರೆ, ಆ ಲೆಕ್ಕದಲ್ಲಿ ಸೊನ್ನೆಗಳ ಮೊತ್ತ ಕಪ್ಪಲ್ಲ, ಗಾಢ ಹಸಿರು. ಡ್ರೈವರ್ ಹೊಸದು ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ದುಡ್ಡು ಕೊಟ್ಟು ನೋಡುವ ಸಿನಿಮಾ ತಾಣಗಳಲ್ಲಿ ಮಾತು ಕೇಳಿಸಿ ಚಿತ್ರ ಕಪ್ಪಾದರೆ ಅದು ಬೇರೆಯೇ ಕಾಯಿಲೆ. ಅಲ್ಲಿ ವಿಡಿಯೊ ಬೀಗ ಹಾಕಿಕೊಂಡು ಬರುತ್ತದೆ. ಹಳೆಯ ಪ್ರೊಜೆಕ್ಟರೋ ಮಾನಿಟರೋ ನಡುವೆ ಸಿಕ್ಕರೆ ನಕಲು ಮಾಡುವವರಿರಬಹುದೆಂಬ ಗುಮಾನಿಯಿಂದ ಬೀಗ ತೆರೆಯುವುದೇ ಇಲ್ಲ.

ನಮ್ಮ ಜಿಲ್ಲೆಯ ಕಂಪ್ಯೂಟರುಗಳಿಗೆ ಇನ್ನೊಂದು ಶತ್ರು ಇದೆ, ಧೂಳು. ಗಾಳಿಯಂತ್ರ ನೆಡುವಷ್ಟು ಗಾಳಿ ಇರುವ ಬಯಲುಸೀಮೆ ಇದು. ಬೇಸಿಗೆಯಲ್ಲಿ ಮೂರು ಸಲ ಒರೆಸಿದರೂ ಮೇಜಿನ ಮೇಲೆ ಬೆರಳಲ್ಲಿ ಬರೆಯಬಹುದು. ಅದೇ ಧೂಳು ಫ್ಯಾನಿನ ಹಿಂದಿನ ಲೋಹದ ಸಂದುಗಳಲ್ಲಿ ಕಂಬಳಿ ಹಾಸಿ ಕೂರುತ್ತದೆ. ಬಿಸಿ ಹೊರಗೆ ಹೋಗುವುದಿಲ್ಲ. ಪ್ರೊಸೆಸರಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಮುಟ್ಟಿದರೆ ಅದು ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದರ ಗುರುತು ಸುಲಭ: ಮೊದಲ ಹತ್ತು ನಿಮಿಷ ವಿಡಿಯೊ ಚೆನ್ನಾಗಿ ಓಡಿ, ಆಮೇಲೆ ಫ್ಯಾನ್ ಜೋರಾಗಿ ಸದ್ದು ಮಾಡುತ್ತಾ ಚಿತ್ರ ಕುಂಟುತ್ತದೆ. ಆಫ್ ಮಾಡಿ, ಪ್ಲಗ್ ತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಬ್ಲೋಯರ್‌ನಿಂದ ಊದಿದರೆ ಸಾಕು. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನೋಡುವವರು ಧೂಳಿಲ್ಲದೆಯೂ ಇದೇ ಕಾಯಿಲೆಯನ್ನು ತಂದುಕೊಳ್ಳುತ್ತಾರೆ.

ಹಳೆಯ ಡೆಸ್ಕ್‌ಟಾಪುಗಳಲ್ಲಿ ತಾಣವೇ ತೆರೆಯದೆ, ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಂದರೆ ಮೊದಲು ಮೂಲೆಯ ಗಡಿಯಾರ ನೋಡಿ. ಒಳಗಿರುವ ಸಿಆರ್ 2032 ಎಂಬ ಗುಂಡಿಯಂಥ ಸೆಲ್ ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಖಿಗೆ ಹೋಗಿ ನಿಲ್ಲುತ್ತದೆ. ತಾಣದ ಗುರುತಿನ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹಳೇ ಕಾಲದಲ್ಲಿರುವ ಕಂಪ್ಯೂಟರಿಗೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ! ಕಡಿಮೆ ಬೆಲೆಯ ಈ ಸೆಲ್ ಬದಲಿಸದೆ ಕಂಪ್ಯೂಟರನ್ನೇ ಗುಜರಿಗೆ ಹಾಕಿದವರಿದ್ದಾರು.

ಇನ್ನು ಹೊಂಡ ನಿಜವಾಗಿಯೂ ಖಾಲಿಯಾಗುತ್ತಿದ್ದರೆ? ರೌಟರಿನಿಂದ ಕಂಪ್ಯೂಟರಿಗೆ ಒಂದು ಲ್ಯಾನ್ ವೈರು ಎಳೆದು ನೋಡಿ. ಗುಂಡು ಮಾಯವಾದರೆ ತಪ್ಪು ವೈಫೈನದು. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್‌ನ ಅಲೆ ಎರಡನೇ ಕೋಣೆಗೇ ಸೋಲುತ್ತದೆ. 2.4ರದು ಗೋಡೆ ದಾಟುತ್ತದೆ, ಆದರೆ ನಿಧಾನ, ಜೊತೆಗೆ ನೆರೆಮನೆಯ ರೌಟರುಗಳ ಗದ್ದಲವೂ ಅಲ್ಲೇ. ವೈರಿನಲ್ಲೂ ಗುಂಡು ತಿರುಗಿದರೆ ಫೈಬರ್ ಪೆಟ್ಟಿಗೆಯ ದೀಪಗಳತ್ತ ಕಣ್ಣು ಹಾಯಿಸಿ. ‘ಎಲ್‌ಒಎಸ್’ ಎಂಬ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಕಂಬದಲ್ಲಿ ಗಾಳಿಗೋ, ರಸ್ತೆ ಬದಿಯಲ್ಲಿ ಜೆಸಿಬಿಗೋ ಎಳೆ ತುಂಡಾಗಿರಬೇಕು, ಇಲ್ಲವೇ ಬೀರುವಿನ ಹಿಂದೆ ವೈರು ಮಡಚಿಕೊಂಡಿರಬೇಕು. ಗಾಜಿನ ಎಳೆ ತೀರಾ ಬಗ್ಗಿದರೆ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ.

ದೀಪ ಹಸಿರಾಗಿದೆ, ವೈರೂ ಹಾಕಿದೆ, ಸ್ಪೀಡ್ ಟೆಸ್ಟ್ 50 ಎಂಬಿಪಿಎಸ್ ತೋರಿಸುತ್ತದೆ, ಆದರೂ ರಾತ್ರಿ ಎಂಟೂವರೆಗೆ ವಿಡಿಯೊ ನಿಲ್ಲುತ್ತದೆ ಎಂಬ ದೂರೂ ಉಂಟು. ಸ್ಪೀಡ್ ಟೆಸ್ಟ್ ಹೆಚ್ಚಾಗಿ ಹತ್ತಿರದ ಸರ್ವರಿಗೆ ಹೋಗಿ ಬರುತ್ತದೆ, ವಿಡಿಯೊ ಬೇರೆ ದಾರಿಯಲ್ಲಿ ಬರುತ್ತದೆ, ಆ ದಾರಿಯಲ್ಲಿ ಆ ಹೊತ್ತಿಗೆ ಊರೆಲ್ಲ ಇರುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ಅದೇ ವಿಡಿಯೊ ಹಾಕಿ ನೋಡಿ. ಅದರಲ್ಲಿ ಸಲೀಸಾಗಿ ಓಡಿದರೆ ಆಗ ಕೇಬಲ್‌ನವರಿಗೆ ಫೋನ್ ಮಾಡಬಹುದು. ‘ಸ್ಲೋ ಐತೆ’ ಎನ್ನುವ ಬದಲು, ವೈರಿನಲ್ಲಿ, ಇಂಥ ಹೊತ್ತಿನಲ್ಲಿ, ಇಂಥ ತಾಣದಲ್ಲಿ ಬಫರ್ ಸೊನ್ನೆಗೆ ಇಳಿಯುತ್ತಿದೆ ಎನ್ನಿ. ‘ನಿಮ್ಮ ಸಿಸ್ಟಮ್ಮೇ ಸ್ಲೋ’ ಎನ್ನಲು ಅವರಿಗೆ ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ.